ಹೆಬ್ಬಟ್ಟೆ

ಕಳೆದ ವರ್ಷ ನಮ್ಮ ಕಾಲೇಜಿನ ಭಾಷಾಂತರದ ಪರೀಕ್ಷೆಯಲ್ಲಿ ಒಬ್ಬ ವಿದ್ಯಾರ್ಥಿಯು ‘ಹೈವೇ’ ಎಂಬ ಇಂಗ್ಲಿಷ್ ಮಾತಿಗೆ ‘ಎತ್ತರದ ದಾರಿ’ ಎಂದು ಬರೆದಿದ್ದನು. ಅಂಕವನ್ನು ಕಳೆಯುವುದು ಸುಲಭವಾದ ಕೆಲಸ, ಕಳೆದೆವು. ಉತ್ತರಪತ್ರಿಕೆಯನ್ನು ಹಿಂದಕ್ಕೆ ಕೊಟ್ಟ ದಿನ ಅವನು ಎದ್ದು ನಿಂತು, ‘ಹೈ ಎಂದರೆ ಎತ್ತರ, ವೇ ಎಂದರೆ ದಾರಿ, ನಾನು ತಪ್ಪಿದುದೆಲ್ಲಿ?’ ಎಂದು ಕೇಳಿದನು. ‘ಹೆದ್ದಾರಿ ಎಂದು ಬರೆಯಬೇಕಾಗಿತ್ತು’ ಎಂದೆವು. ‘ಹಾಗಾದರೆ ಹೈ ಎಂದರೆ ದೊಡ್ಡದು ಎಂದು ಅರ್ಥವೆ? ದೊಡ್ಡದು ಎಂದರೆ ಯಾರಿಗೆ ದೊಡ್ಡದು?’ ಎಂಬ ಮರುಪ್ರಶ್ನೆ ಬಂದಿತು. ಅಷ್ಟರಲ್ಲಿ ಗಂಟೆ ಹೊಡೆದುದರಿಂದ ನಮ್ಮ ಮಾನ ಉಳಿಯಿತು. ಪ್ರಶ್ನೆ ಮಾತ್ರ ಉಳಿದೇ ಇದ್ದಿತು. ಇಪ್ಪತ್ತು ವರ್ಷ ಪಾಠ ಹೇಳಿದವರಿಗೆ ಇಂಥ ಪ್ರಶ್ನೆ ಬೆನ್ನು ಹತ್ತಿದರೆ ಸುಲಭವಾಗಿ ಬಿಡುವುದಿಲ್ಲ.

ಬೇಸಗೆಯ ರಜೆಯಲ್ಲಿ ನಾವು ಒಂದು ವಾರ ಕಮಲಾಪುರದಲ್ಲಿ ಇಳಿದುಕೊಂಡಿದ್ದೆವು. ಹಂಪೆಯನ್ನು ನೋಡಹೋಗುವವರು ಸಾಮಾನ್ಯವಾಗಿ ಈ ಊರನ್ನು ಬಸ್ಸಿನ ಕಿಟಕಿಯಿಂದಲೇ ನೋಡಿ ಮುಗಿಸುವರು. ಹಾಗೆ ಮುಗಿಸತಕ್ಕ ಊರಲ್ಲ ಇದು. ರಾಯಕಾಲುವೆಯ ನೀರು ತುಂಬಿ ನಿಲ್ಲುವ ಹಳೆಯ ದೊಡ್ಡ ಕೆರೆಯುಂಟು. ದುಂಡು ಬುರುಜಿನ ಕೋಟೆಯ ಅವಶೇಷವುಂಟು. ಅಚ್ಯುತರಾಯನ ಕಾಲದ ಪಟ್ಟಾಭಿರಾಮನ ಗುಡಿಯುಂಟು. 1972 ರಲ್ಲಿ ಇಲ್ಲಿಗೆ ಬಂದು ನೆಲೆಸಿದ ಪ್ರಾಚ್ಯವಸ್ತು ಸಂಗ್ರಹಾಲಯದ ಅಂಗಳದಲ್ಲಿ ವಿಜಯನಗರದ ಸೀಮೆಯನ್ನೆಲ್ಲ ಚಿಕ್ಕದು ಮಾಡಿ ನೆಲದ ಮೇಲೆ ಹರಡಿದ ಒಂದು ಮಾದರಿಯಿದೆ. ನೋಡಬಂದವರು ಅದರ ಸುತ್ತ ನಡೆದು ಮೇಲಿನಿಂದ ಬಗ್ಗಿ ಬಗ್ಗಿ ಗುಡಿಗಳನ್ನು ಎಣಿಸುವರು. ನಾವು ಒಂದು ಮಧ್ಯಾಹ್ನ ಗುಡಿಗಳನ್ನು ಬಿಟ್ಟು, ಗುಡ್ಡಗಳ ನಡುವಣ ಸಂದುಗಳನ್ನು ಎಣಿಸತೊಡಗಿದೆವು. ಬಂಡೆಯ ಮೇಲೆ ಬಂಡೆ ಪೇರಿಸಿದ ಆ ಸೀಮೆಯಲ್ಲಿ ಮನುಷ್ಯನೂ ಎತ್ತೂ ತೇರೂ ಹಾಯಬಲ್ಲ ಸಂದುಗಳು ಬಹಳವಿಲ್ಲ. ಇಂಗ್ಲಿಷರ ಮಾತಿಗೆ ಅರ್ಥವನ್ನು ಹುಡುಕಲು ತಕ್ಕ ಸ್ಥಳ ಇದೇ ಎಂದು ಆಗ ತೋರಿತು. ದಾರಿ ಅಗ್ಗವಾಗಿರುವ ಬಯಲುನಾಡಿನಲ್ಲಿ ಅದರ ಬೆಲೆ ತಿಳಿಯದು.

ಮೊದಲು ಮಾತನ್ನು ನೋಡೋಣ. ‘ಹೈವೇ’ ಎಂಬುದು ಇಂಗ್ಲಿಷಿನಲ್ಲಿ ಸಾವಿರ ವರ್ಷಗಳಿಗೂ ಹಳೆಯದಾದ ಮಾತು. ಅದರ ಬಹು ಹಳೆಯ ಪ್ರಯೋಗಗಳು ಕಾವ್ಯಗಳಲ್ಲಿ ಸಿಕ್ಕುವುದಿಲ್ಲ; ಭೂಮಿಯನ್ನು ದಾನಮಾಡಿ ಬರೆದುಕೊಟ್ಟ ಪತ್ರಗಳಲ್ಲಿ, ಆ ಭೂಮಿಯ ಎಲ್ಲೆಗಳನ್ನು ಹೇಳುವ ಕಡೆ ಸಿಕ್ಕುವುವು. ಇಂಥ ಹಳ್ಳದಿಂದ ಇಂಥ ಮರಕ್ಕೆ, ಅಲ್ಲಿಂದ ಹೆದ್ದಾರಿಗೆ ಎಂಬ ರೀತಿ. ಅಲ್ಲಿ ‘ಹೈ’ ಎಂಬುದಕ್ಕೆ ಎತ್ತರವೆಂಬ ಅರ್ಥ ಮುಖ್ಯವಲ್ಲ. ರೋಮನರು ಹಾಕಿದ ಕೆಲವು ದಾರಿಗಳು ಸುತ್ತಣ ನೆಲಕ್ಕಿಂತ ಏರಿಯಂತೆ ಎದ್ದಿದ್ದುದು ನಿಜ. ಆ ಎತ್ತರದಿಂದಲೇ ಹೆಸರು ಬಂದಿತೆಂದು ವಾದಿಸುವವರೂ ಉಂಟು. ಆದರೆ ಅದೇ ‘ಹೈ’ ಬೇರೆ ಎಲ್ಲೆಲ್ಲಿ ಬರುವುದೆಂಬುದನ್ನು ನೋಡಿದರೆ ಸಂಶಯ ಉಳಿಯದು. ಹೈಕೋರ್ಟು ಬೆಟ್ಟದ ಮೇಲೆ ಇರಬೇಕಾದುದಿಲ್ಲ. ದೊಡ್ಡ ಪೂಜಾರಿಯನ್ನು ಅವರು ‘ಹೈ ಪ್ರೀಸ್ಟ್’ ಎಂದರೆ ಆತನು ಆರಡಿ ಎತ್ತರದವನೆಂದಲ್ಲ. ರಾಜದ್ರೋಹಕ್ಕೆ ‘ಹೈ ಟ್ರೀಸನ್’ ಎನ್ನುವರು. ಬೆಂಗಳೂರಿನ ಹೈಗ್ರೌಂಡ್ಸ್ ಮಾತ್ರ ನಿಜವಾಗಿಯೂ ಎತ್ತರದ ನೆಲ. ನಮ್ಮ ವಿದ್ಯಾರ್ಥಿಯು ಅಲ್ಲಿಯವನೇ ಇರಬೇಕು.

ಇನ್ನೊಂದು ಪ್ರಯೋಗ ನಮಗೆ ಹೆಚ್ಚು ಬೆಳಕನ್ನು ಕೊಟ್ಟಿತು. ಯಾವ ರಾಜ್ಯಕ್ಕೂ ಸೇರದ ನಡುಗಡಲನ್ನು ಇಂಗ್ಲಿಷಿನಲ್ಲಿ ‘ಹೈ ಸೀಸ್’ ಎನ್ನುವರು. ಅಲ್ಲಿ ಹಡಗು ನಡೆಸಲು ಯಾರ ಅಪ್ಪಣೆಯೂ ಬೇಡ. ಹೈವೇ ಎಂಬುದಕ್ಕೂ ಅವರ ನ್ಯಾಯಶಾಸ್ತ್ರದಲ್ಲಿ ಇಂಥದೇ ಅರ್ಥ ನಿಂತಿದೆ. ಅಗಲವಾದುದೆಲ್ಲ ಹೈವೇ ಅಲ್ಲ; ಸರ್ವಜನರಿಗೂ ಹಾದುಹೋಗುವ ಹಕ್ಕು ಇರುವ ದಾರಿ ಯಾವುದೋ ಅದು ಹೈವೇ. ಒಬ್ಬರ ಹೊಲದ ನಡುವೆ ಹೋಗುವ ಕಾಲುದಾರಿಯೂ ಹಾಗೆ ಆಗಬಹುದು. ನೆಲದ ಒಡೆಯನು ಅದನ್ನು ಬೇಲಿ ಹಾಕಿ ಮುಚ್ಚುವಂತಿಲ್ಲ. ಬಹುಕಾಲ ಯಾರೂ ನಡೆಯದೆ ಹುಲ್ಲು ಬೆಳೆದರೂ, ಹಾಗೆ ಹುಲ್ಲು ಬೆಳೆದುದರಿಂದಲೇ ಹಕ್ಕು ಸಾಯುವುದಿಲ್ಲ.

ಈ ಹಕ್ಕಿಗೆ ಹಿಂದೆ ಕಾವಲಾಗಿದ್ದವನು ದೊರೆ. ನಾರ್ಮನ್ ದೊರೆಗಳ ಕಾಲದ ಧರ್ಮಸಂಗ್ರಹಗಳಲ್ಲಿ ನಾಲ್ಕು ದಾರಿಗಳನ್ನು ಹೆಸರಿಸಿ, ಅವುಗಳ ಮೇಲೆ ದೊರೆಯ ಶಾಂತಿ ನೆಲೆಸಿರುವುದೆಂದು ಹೇಳಿದೆ. ಎಂದರೆ ಆ ದಾರಿಗಳಲ್ಲಿ ನಡೆಯುವವನ ಮೇಲೆ ಕೈಮಾಡಿದವನು ದೊರೆಯ ಮೇಲೆಯೇ ಕೈಮಾಡಿದಂತೆ. ಒಂದನೆಯ ಹೆನ್ರಿಯ ಹೆಸರಿನಲ್ಲಿ ಹನ್ನೆರಡನೆಯ ಶತಮಾನದ ಆರಂಭದಲ್ಲಿ ಸಂಗ್ರಹವಾದ ಗ್ರಂಥವೊಂದರಲ್ಲಿ ದೊರೆಯ ದಾರಿ ಎಷ್ಟು ಅಗಲವಿರಬೇಕೆಂಬುದನ್ನೂ ಹೇಳಿದೆ. ಅಡಿಗಳ ಲೆಕ್ಕ ಅಲ್ಲಿಲ್ಲ. ಎರಡು ಬಂಡಿಗಳು ಎದುರುಬದುರಾಗಿ ಬಂದರೆ ಒಂದನ್ನೊಂದು ದಾಟಬೇಕು. ಇಬ್ಬರು ಎತ್ತು ಹೊಡೆಯುವವರು ಎರಡು ಬದಿಗಳಲ್ಲಿ ನಿಂತು ತಮ್ಮ ಮುಳ್ಳುಗೋಲುಗಳನ್ನು ಚಾಚಿದರೆ ತುದಿಗೆ ತುದಿ ತಾಕಬೇಕು. ಹದಿನಾರು ಮಂದಿ ಸರದಾರರು ಕುದುರೆಗಳ ಮೇಲೆ ಒಂದೇ ಸಾಲಿನಲ್ಲಿ ಹೋಗಬೇಕು. ಸರದಾರರನ್ನು ಹೇಳುವ ಮೊದಲು ಎತ್ತು ಹೊಡೆಯುವವನನ್ನು ಹೇಳಿದ ಆ ಅಜ್ಞಾತ ಶಾಸ್ತ್ರಕಾರನ ಮೇಲೆ ನಮಗೆ ಗೌರವ ಹುಟ್ಟಿತು. ಮುಂದೆ 1285 ರಲ್ಲಿ, ಸಂತೆಯ ಊರಿನಿಂದ ಸಂತೆಯ ಊರಿಗೆ ಹೋಗುವ ಹೆದ್ದಾರಿಗಳ ಎರಡು ಬದಿಗಳಲ್ಲೂ ಇನ್ನೂರು ಇನ್ನೂರು ಅಡಿಗಳವರೆಗೆ ಪೊದೆಗಳನ್ನು ಕಡಿದು ಹಾಕಬೇಕೆಂದು ಕಟ್ಟಳೆಯಾಯಿತು. ಪೊದೆಯಲ್ಲಿ ಕಳ್ಳನು ಅಡಗುವನೆಂಬುದೇ ಕಾರಣ. ಹೈವೇ ಎಂಬ ಮಾತಿನಿಂದಲೇ ‘ಹೈವೇಮನ್’, ಎಂದರೆ ದಾರಿಗಳ್ಳ, ಎಂಬ ಮಾತು ಮುಂದೆ ಹುಟ್ಟಿದುದನ್ನು ನೋಡಿದರೆ ಕಟ್ಟಳೆ ಎಷ್ಟು ಮಟ್ಟಿಗೆ ನಡೆಯಿತೆಂಬುದನ್ನು ಊಹಿಸಬಹುದು.

ಕನ್ನಡದ ಕಡೆಗೆ ಬರೋಣ. ನಮ್ಮ ಶಾಸನಗಳಲ್ಲಿಯೂ ಈ ಜಾತಿಯ ಮಾತು ಬರುವುದು ದತ್ತಿಬಿಟ್ಟ ಭೂಮಿಯ ಎಲ್ಲೆಗಳಲ್ಲಿಯೇ. ಮೂಡಲು ಹುಣಿಸೆಯ ಮರ, ತೆಂಕಲು ಕೆರೆಯ ಕೋಡಿ, ಪಡುವಲು ಹೆಬ್ಬಟ್ಟೆ ಎಂಬಂಥ ಧಾಟಿ. ಎರಡು ದೇಶಗಳ ಕರಣಿಕರು ಒಬ್ಬರನ್ನೊಬ್ಬರು ಕನಸಿನಲ್ಲಿಯೂ ಕಾಣದೆ ಒಂದೇ ಬಗೆಯಾಗಿ ಬರೆದುದಕ್ಕೆ ಕಾರಣ ಸರಳ: ಮರ ಬೀಳಬಹುದು, ಹಳ್ಳ ಪಾತ್ರವನ್ನು ಬದಲಿಸಬಹುದು, ಎಲ್ಲರೂ ನಡೆಯುವ ದಾರಿಯನ್ನು ಮಾತ್ರ ಒಬ್ಬನು ಕದಿಯಲಾರನು. ಬಟ್ಟೆ ಎಂದರೆ ಹಳಗನ್ನಡದಲ್ಲಿ ದಾರಿ. ಅದಕ್ಕೆ ಹಿರಿದು ಎಂಬುದು ಸೇರಿ ಪೆರ್ಬಟ್ಟೆಯಾಗಿ, ಪಕಾರ ಹಕಾರವಾಗಿ ಹೆಬ್ಬಟ್ಟೆಯಾಯಿತು. ಹೆದ್ದಾರಿಯ ಹುಟ್ಟೂ ಹಾಗೆಯೇ. ಈಗ ಬಟ್ಟೆ ಎಂದರೆ ಉಡುವ ಬಟ್ಟೆ ಮಾತ್ರವೆಂದಾದುದರಿಂದ ಹೆಬ್ಬಟ್ಟೆ ಬಳಕೆಯಿಂದ ಜಾರಿತು. ತರಗತಿಯಲ್ಲಿ ಆ ಮಾತನ್ನು ಆಡಿದರೆ ಹುಡುಗರು ಹೆಬ್ಬೆಟ್ಟು ಎಂದು ಕೇಳಿಸಿಕೊಳ್ಳುವರು.

ಅವರು ಹಾಗೆ ತಪ್ಪಾಗಿ ಕೇಳಿದುದೂ ಒಂದು ಲಾಭವೇ. ಹೆಬ್ಬೆಟ್ಟು, ಹೆಬ್ಬೆರಳು, ಅಂಗೈಯಲ್ಲಿ ಎಲ್ಲಕ್ಕಿಂತ ಎತ್ತರವಾದ ಬೆರಳಲ್ಲ. ನೇರವಾಗಿ ನಿಲ್ಲಿಸಿ ನೋಡಿದರೆ ಅದೇ ಎಲ್ಲಕ್ಕಿಂತ ಕೆಳಗೆ ನಿಲ್ಲುವುದು. ಆದರೂ ಅದು ಹಿರಿಯ ಬೆರಳು. ಏಕೆಂದರೆ ಉಳಿದ ನಾಲ್ಕೂ ಅದರ ಹತ್ತಿರಕ್ಕೆ ಬಂದೇ ಕೆಲಸಮಾಡಬೇಕು. ಕೃಷ್ಣೆಯನ್ನು ನಮ್ಮ ಹಿಂದಿನವರು ಪೆರ್ದೊರೆ, ಹೆದ್ದೊರೆ ಎಂದು ಕರೆದರು. ತುಂಗಭದ್ರೆ ಭೀಮೆಗಳೆಲ್ಲ ಅದರಲ್ಲಿ ಬಂದು ಬೀಳುವುವು. ಹೆಬ್ಬಾಗಿಲೆಂದರೆ ಮನೆಯವರೂ ಬಂದವರೂ ಹಾಯಲೇಬೇಕಾದ ಬಾಗಿಲು. ಈ ‘ಹೆ’ ಎಂಬ ಅಕ್ಷರದಲ್ಲಿ ಗಾತ್ರವೂ ಉಂಟು. ಗಾತ್ರಕ್ಕಿಂತ ಮಿಗಿಲಾಗಿ ಉಳಿದುವೆಲ್ಲ ಬಂದು ಕೂಡುವ ಸ್ಥಾನವೆಂಬ ಸೂಚನೆಯುಂಟು. ಇಂಗ್ಲಿಷರ ‘ಹೈ’ಗೆ ಇದಕ್ಕಿಂತ ಒಳ್ಳೆಯ ಕನ್ನಡ ಸಿಕ್ಕಲಾರದು.

ನೆರೆಯವರು ಬೇರೆ ಬೇರೆಯಾಗಿ ಮಾಡಿಕೊಂಡರು. ಸ್ವತಂತ್ರ ಭಾರತದಲ್ಲಿ 1956 ರಲ್ಲಿ ‘ನ್ಯಾಷನಲ್ ಹೈವೇ’ಗಳ ಶಾಸನ ಬಂದ ಮೇಲೆ ಎಲ್ಲ ಭಾಷೆಗಳಿಗೂ ಒಂದೊಂದು ಮಾತು ಬೇಕಾಯಿತು. ಹಿಂದಿಯವರು ರಾಜಮಾರ್ಗವೆಂದರು, ರಾಜರು ಹೋದರೂ ಅವರ ದಾರಿ ಉಳಿಯಿತು. ಮರಾಠಿಯವರದು ಮಹಾಮಾರ್ಗ. ತಮಿಳರದು ನೆಡುಞ್ಜಾಲೆ, ಎಂದರೆ ಉದ್ದವಾದ ರಸ್ತೆ. ತೆಲುಗರದು ರಹದಾರಿ. ಪಾರಸಿಯಿಂದ ಬಂದ ಈ ರಹದಾರಿಯೆಂಬುದು ಮೊಗಲರ ಕಾಲದಲ್ಲಿ ದಾರಿಯ ಸುಂಕಕ್ಕೆ ಹೆಸರಾಗಿದ್ದಿತು; ಕನ್ನಡದಲ್ಲಿ ಈಗಲೂ ಅದು ಅಪ್ಪಣೆಚೀಟಿ. ಹೀಗೆ ಒಂದೇ ದಾರಿಯಲ್ಲಿ ಹೋಗುವಾಗ ಒಬ್ಬರಿಗೆ ದೊರೆ, ಒಬ್ಬರಿಗೆ ಉದ್ದ, ಒಬ್ಬರಿಗೆ ಸುಂಕ ನೆನಪಾಯಿತೆಂದು ಹಾಸ್ಯಮಾಡಬಹುದು. ಮಾರ್ಗವೆಂಬ ಮಾತಿನ ಮೇಲೆ ನಮಗೇನೂ ಅಸೂಯೆಯಿಲ್ಲ. ನಮಗೆ ಸಿಕ್ಕಿರುವ ಕನ್ನಡ ಗ್ರಂಥಗಳಲ್ಲಿ ಅತ್ಯಂತ ಹಳೆಯದು, ಒಂಬತ್ತನೆಯ ಶತಮಾನದ ಕವಿರಾಜಮಾರ್ಗ. ಅದು ಕವಿರಾಜನು ತೋರಿದ ಮಾರ್ಗವೋ, ಕವಿಗಳಿಗೆಂದು ಹಾಕಿದ ರಾಜಮಾರ್ಗವೋ ಎಂದು ಪಂಡಿತರು ಎರಡು ಬಗೆಯಾಗಿ ಬಿಡಿಸುವರು. ಎರಡನೆಯ ಅರ್ಥವನ್ನು ಹಿಡಿದರೆ, ನಮ್ಮ ಸಾಹಿತ್ಯ ಹೆದ್ದಾರಿಯ ಮೇಲೆಯೇ ಕಣ್ಣು ತೆರೆಯಿತೆಂದಾಗುವುದು.

ಮಾತು ಇಷ್ಟಾಯಿತು. ವಸ್ತುವನ್ನು ನೋಡಬೇಡವೆ? ಕಮಲಾಪುರದಿಂದ ಹೊಸಪೇಟೆಗೆ ಸುಮಾರು 12 ಕಿಲೋಮೀಟರು. ಹೊಸಪೇಟೆಯ ಕಡೆಯಿಂದ ಹೊರಟ ದಾರಿ ಅನಂತಶಯನಗುಡಿಯನ್ನೂ ಮಲಪನಗುಡಿಯನ್ನೂ ದಾಟಿದ ಮೇಲೆ ಕವಲೊಡೆಯುವುದು. ಒಂದು ಕವಲು ಕಡ್ಡಿರಾಂಪುರದ ಮೇಲೆ ಹಂಪೆಗೂ, ಇನ್ನೊಂದು ಕಮಲಾಪುರಕ್ಕೂ ಬರುವುದು. ಕಮಲಾಪುರದಿಂದ ಮುಂದೆ ಮಾಲ್ಯವಂತದ ಬುಡದಲ್ಲಿ ಕಂಪ್ಲಿಯ ದಾರಿ. ಎಡಕ್ಕೆ ತಿರುಗಿದರೆ ತಳವಾರಘಟ್ಟದ ಬಾಗಿಲನ್ನು ಹಾದು, ಹೊಳೆಯಾಚೆಯ ಆನೆಗೊಂದಿಯ ಎದುರಿಗೆ ಇಳಿಯುವ ದಾರಿ. ನಾವು ಒಂದು ಮುಂಜಾನೆ ಹೊಸಪೇಟೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ನಡೆದೇ ಹಿಂದಿರುಗಿದೆವು.

ಐದುನೂರು ವರ್ಷಗಳ ಹಿಂದೆ ಇದೇ ಹಾದಿಯಲ್ಲಿ ಬಂದವನೊಬ್ಬನು ತಾನು ಕಂಡುದನ್ನು ಬರೆದಿಟ್ಟಿದ್ದಾನೆ. ಅವನು ಡೊಮಿಂಗೊ ಪಯಸ್ ಎಂಬ ಪೋರ್ಚುಗೀಸನು; ಬಂದುದು 1520 ರ ಸುಮಾರಿಗೆ, ಕೃಷ್ಣದೇವರಾಯನ ಕಾಲದಲ್ಲಿ. ಅವನ ಬರಹ ಪ್ಯಾರಿಸಿನ ಪುಸ್ತಕ ಭಂಡಾರದಲ್ಲಿ ಮಲಗಿದ್ದು, 1897 ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚಾಯಿತು. 1900 ರಲ್ಲಿ ರಾಬರ್ಟ್ ಸ್ಯೂವೆಲ್ಲರು ಅದನ್ನು ಇಂಗ್ಲಿಷಿಗೆ ತಂದರು. ರಾಯನು ಆಗ ಹೊಸದಾಗಿ ಕಟ್ಟಿಸಿದ್ದ ಊರು ನಾಗಲಾಪುರ, ಎಂದರೆ ಇಂದಿನ ಹೊಸಪೇಟೆ. ಅಲ್ಲಿಂದ ರಾಜಧಾನಿಯವರೆಗಿನ ದಾರಿಯನ್ನು ಕಂಡು ಪಯಸನಿಗೆ ತನ್ನ ದೇಶದಲ್ಲಿ ಸರದಾರರು ಕುದುರೆಯೇರಿ ಭರ್ಜಿಯ ಆಟವಾಡುವ ಬಯಲಿನ ನೆನಪಾಯಿತು, ಅಷ್ಟು ಅಗಲ. ಎರಡು ಬದಿಗಳಲ್ಲಿ ಉದ್ದಕ್ಕೂ ಮನೆಗಳು, ಎಲ್ಲ ಸರಕನ್ನೂ ಮಾರುವ ಅಂಗಡಿಗಳು. ನಡೆಯುವವರಿಗೆ ನೆರಳಾಗಲೆಂದು ರಾಯನು ನೆಡಿಸಿದ ಮರಗಳು. ದಾರಿಯ ಮೇಲೆ ರಾಯನೇ ಕಟ್ಟಿಸಿದ ಒಂದು ಕಲ್ಲುಗುಡಿ. ನಾಯಕರೂ ದೊಡ್ಡಮನುಷ್ಯರೂ ಕಟ್ಟಿಸಿದ ಬೇರೆ ಗುಡಿಗಳು.

ನಾವು ನಡೆದ ದಿನ ನೆರಳು ವಿರಳವಾಗಿದ್ದಿತು. ಬಾಳೆಯ ತೋಟಗಳ ತಂಪುಗಾಳಿ ಅಲ್ಲಲ್ಲಿ ಬೀಸಿದುದೊಂದೇ ಉಪಕಾರ. ಅನಂತಶಯನಗುಡಿಯ ಬಳಿ ಕುಳಿತು ದಣಿವಾರಿಸಿಕೊಂಡೆವು. 1524 ರಲ್ಲಿ ಕೃಷ್ಣದೇವರಾಯನು ಮಗ ತಿರುಮಲನ ಹೆಸರಿನ ಪುರದಲ್ಲಿ ಪ್ರತಿಷ್ಠೆ ಮಾಡಿಸಿದ ಗುಡಿ ಇದು. ಮಲಗಿದ ವಿಷ್ಣುವಿಗೆ ತಕ್ಕಂತೆ ಉದ್ದವಾದ ಗರ್ಭಗುಡಿ, ಅದರ ಮೇಲೆ ಕಮಾನಾಗಿ ಎದ್ದ ಎತ್ತರದ ಶಿಖರ. ಒಳಗೆ ದೇವರಿಲ್ಲ, ಪೀಠವುಂಟು. ಮಲಪನಗುಡಿಯಲ್ಲಿ ಮಲ್ಲಿಕಾರ್ಜುನನ ಗುಡಿಯ ಜೊತೆಗೆ ಮೆಟ್ಟಲುಗಳಿಳಿಯುವ ಹಳೆಯ ಬಾವಿಯೊಂದಿದೆ. ಗುಡಿ, ಬಾವಿ, ನೆರಳು: ಹೆಬ್ಬಟ್ಟೆಯನ್ನು ಹೆಬ್ಬಟ್ಟೆಯಾಗಿ ಮಾಡುತ್ತಿದ್ದುದು ಇವು. ಹಾಸುಗಲ್ಲಿನ ಮಾತು ಆಮೇಲಿನದು. ಕಾಲುನಡಿಗೆಯವನು ಬಾಯಾರಿ ಬೀಳದಂತೆ ನೋಡಿಕೊಳ್ಳುವುದು ದಾರಿಯ ಧರ್ಮವೆಂದು ತಿಳಿದವರು ನಮ್ಮ ಹಿಂದಿನವರು. ದಾರಿಯಲ್ಲಿ ಅರವಟ್ಟಿಗೆ ಇಡುವುದನ್ನು ಗುಡಿ ಕಟ್ಟಿಸುವಷ್ಟೇ ದೊಡ್ಡ ಪುಣ್ಯವೆಂದು ಎಣಿಸಿದರು.

ಆದರೆ ಪುಣ್ಯದ ಕಥೆಯೊಂದನ್ನೇ ಹೇಳಿ ಮುಗಿಸಿದರೆ ಅದು ಚರಿತ್ರೆಯಾಗದು. ಪಯಸನ ಬೆನ್ನ ಹಿಂದೆ, 1535 ರ ಸುಮಾರಿಗೆ, ಫೆರ್ನಾವ್ ನ್ಯೂನಿಜ್ ಎಂಬ ಇನ್ನೊಬ್ಬ ಪೋರ್ಚುಗೀಸನು ಬಂದನು. ಇವನಿಗೆ ಕಣ್ಣಿದ್ದುದು ನೆರಳಿನ ಮೇಲಲ್ಲ, ಹಣದ ಮೇಲೆ. ನಾಗಲಾಪುರದ ಹೆಬ್ಬಾಗಿಲನ್ನು ಕುರಿತು ಅವನು ಹೇಳುವುದು ಹೀಗೆ. ಬೇರೆ ದಾರಿಗಳೆಲ್ಲ ಅಲ್ಲಿಯೇ ಬಂದು ಕೂಡುತ್ತಿದ್ದುದರಿಂದ, ರಾಜಧಾನಿಗೆ ಹೋಗಬೇಕಾದ ಸರಕಿಗೆ ಅದನ್ನು ಬಿಟ್ಟು ಅನ್ಯಮಾರ್ಗವಿರಲಿಲ್ಲ. ಆ ಬಾಗಿಲನ್ನು ವರ್ಷಕ್ಕೆ 12,000 ಪರ್ದಾವುಗಳಿಗೆ ಗುತ್ತಿಗೆ ಕೊಟ್ಟಿದ್ದರು; ಪರ್ದಾವು ಎಂಬುದು ಪೋರ್ಚುಗೀಸರು ನಮ್ಮ ವರಹಕ್ಕೆ ಇಟ್ಟ ಹೆಸರು. ಗುತ್ತಿಗೆಯವರು ಕೇಳಿದುದನ್ನು ಕೊಡದೆ ಒಬ್ಬನೂ ಒಳಗೆ ಹೋಗುವಂತಿರಲಿಲ್ಲ. ಊರಿನ ಒಕ್ಕಲಿಗನಿಗೂ ಪರದೇಶದವನಿಗೂ ಒಂದೇ ನಿಯಮ. ಎರಡು ಊರುಗಳಿಗೂ ದವಸಧಾನ್ಯವೆಲ್ಲ ಹೊರಗಿನಿಂದ ಹೇರೆತ್ತುಗಳ ಮೇಲೆ ಬರಬೇಕು. ದಿನಕ್ಕೆ 2,000 ಎತ್ತುಗಳು ಒಳಹೊಕ್ಕು, ಒಂದೊಂದಕ್ಕೆ ಮೂರು ವಿಂತೆಂ ಎಂಬ ಸಣ್ಣ ನಾಣ್ಯದ ಸುಂಕ ತೆರುತ್ತಿದ್ದುವು. ಕೊಂಬಿಲ್ಲದ ಬೋಳು ಎತ್ತಿಗೆ ಮಾತ್ರ ರಾಜ್ಯದಲ್ಲೆಲ್ಲಿಯೂ ಸುಂಕವಿಲ್ಲ. ಇದಕ್ಕೆ ಕಾರಣವನ್ನು ನ್ಯೂನಿಜನು ಹೇಳಿಲ್ಲ. ಆ ಕಾಲದ ರೈತನು ಎತ್ತಿನ ಜಾತ್ರೆಯಲ್ಲಿ ಬೋಳು ಎತ್ತಿಗೆ ಎರಡು ವರಹ ಹೆಚ್ಚಾಗಿಯೇ ಕೊಡುತ್ತಿದ್ದನೋ ಏನೋ!

ಈ ಲೆಕ್ಕವನ್ನು ಓದಿದಾಗ ನಮಗೆ ತುಸು ಕಸಿವಿಸಿಯಾಯಿತು. ಹೆದ್ದಾರಿ ಎಂದರೆ ಸರ್ವರಿಗೂ ತೆರೆದ ದಾರಿ ಎಂದು ಈಗತಾನೆ ವಾದಿಸಿ ಬಂದಿದ್ದೆವಷ್ಟೆ! ಇಲ್ಲಿ ನೋಡಿದರೆ, ಒಂದೇ ದಾರಿಯಾದುದರಿಂದಲೇ ಅದರ ಬಾಯಿಯಲ್ಲಿ ಗುತ್ತಿಗೆದಾರನು ಕುಳಿತಿದ್ದಾನೆ. ಒಂದು ವಾರ ಆ ನೆಲದಲ್ಲಿ ತಿರುಗಿದ ಮೇಲೆ ಇದರ ಅರ್ಥ ಸ್ವಲ್ಪ ಸ್ವಲ್ಪವಾಗಿ ಬಿಚ್ಚಿಕೊಂಡಿತು. 1443 ರಲ್ಲಿ ಪಾರಸೀಕ ದೊರೆಯ ರಾಯಭಾರಿಯಾಗಿ ಬಂದ ಅಬ್ದುರ್ ರಜಾಕನು ಈ ನಗರಕ್ಕೆ ಒಂದರೊಳಗೊಂದು ಏಳು ಕೋಟೆಗಳಿದ್ದುವೆಂದು ಬರೆದಿದ್ದಾನೆ. ಹೊರಗಣ ಕೋಟೆಯ ಮುಂದೆ ಆಳುದ್ದದ ಕಲ್ಲುಗಳನ್ನು ಅರ್ಧ ಹೂತು ಅರ್ಧ ಬಿಟ್ಟು ಒತ್ತಾಗಿ ನೆಟ್ಟಿದ್ದರಂತೆ. ಕುದುರೆಯವನೂ ಕಾಲಾಳೂ ಅದರೊಳಗೆ ಸುಲಭವಾಗಿ ನುಗ್ಗುವಂತಿರಲಿಲ್ಲ. ಹುಟ್ಟಿನಿಂದ ಬಂದ ಬಂಡೆಗಳು ಸಾಲದೆಂದು ನೆಟ್ಟ ಬಂಡೆಗಳು! ಇಂಥ ಊರಿಗೆ ದಾರಿ ಎಂದರೆ ಬಾಗಿಲು, ಬಾಗಿಲೆಂದರೆ ಕಾವಲು, ಕಾವಲಿಗೆ ಖರ್ಚು. ಸುಂಕ ತೆತ್ತವನಿಗೆ ಒಳಗೆ ದೊರೆಯ ರಕ್ಷೆ ಸಿಕ್ಕುತ್ತಿದ್ದಿತು. ಭಟ್ಕಳದ ರೇವಿನಿಂದ ಘಟ್ಟವನ್ನೇರಿ ಬರುವ ಹೇರೆತ್ತುಗಳ ಸಾಲು ನಡೆಯುತ್ತಿದ್ದುದನ್ನು ಪಯಸನೂ ಕಂಡು ಬರೆದಿದ್ದಾನೆ. ಸುಂಕದ ಬಾಗಿಲಿನಲ್ಲಿ ಅನ್ಯಾಯ ನಡೆದಿರಲಾರದೆಂದು ಇದರ ಅರ್ಥವಲ್ಲ. ಗುತ್ತಿಗೆದಾರನ ಬಾಯಿ ಯಾವ ಕಾಲದಲ್ಲಿಯೂ ದೊಡ್ಡದು. ಆದರೆ ಎತ್ತು ಹೊಡೆಯುವವನನ್ನು ಕಂಡು ‘ಈ ದಾರಿ ನಿನ್ನದಲ್ಲ’ ಎಂದು ಅಲ್ಲಿ ಯಾರೂ ಹೇಳಲಿಲ್ಲ. ದಾರಿ ಇದ್ದುದೇ ಅವನಿಂದ, ಅವನಿಗಾಗಿ.

ಇಲ್ಲಿ ಇನ್ನೊಂದು ಭೇದವನ್ನು ಹೇಳಬೇಕು. ಇಂಗ್ಲಿಷಿನಲ್ಲಿ ‘ವೇ’ ಬೇರೆ, ‘ಸ್ಟ್ರೀಟ್’ ಬೇರೆ. ಸ್ಟ್ರೀಟ್ ಎಂಬುದು ಕಲ್ಲುಹಾಸಿದ ದಾರಿ ಎಂಬರ್ಥದ ಲ್ಯಾಟಿನ್ ಮಾತಿನಿಂದ ಬಂದುದು. ಈಗ ಅದು ಎರಡು ಸಾಲು ಮನೆಗಳ ನಡುವಣ ಬೀದಿ. ನಾವು ದಿನವೂ ಬಳಸುವ ‘ರೋಡ್’ ಎಂಬುದು ಸವಾರಿ ಎಂಬರ್ಥದ ಮಾತಿನಿಂದ ಹುಟ್ಟಿ, ಹದಿನಾರನೆಯ ಶತಮಾನದ ಕೊನೆಯ ಹೊತ್ತಿಗಷ್ಟೆ ದಾರಿ ಎಂಬ ಅರ್ಥಕ್ಕೆ ತಿರುಗಿತು. ರಸ್ತೆ ಎಂಬುದನ್ನು ನಾವು ಪಾರಸಿಯವರಿಂದ ಪಡೆದಂತೆ, ಅದೂ ಮನೆಗೆ ತಡವಾಗಿ ಬಂದ ಸೊಸೆ. ಇಂಗ್ಲೆಂಡಿನ ಎಷ್ಟೋ ಊರುಗಳಲ್ಲಿ ‘ಹೈ ಸ್ಟ್ರೀಟ್’ ಎಂಬುದೊಂದಿರುವುದು. ಅದು ಅಂಗಡಿಗಳ ಬೀದಿ. ಇದರ ಕನ್ನಡವನ್ನು ಹುಡುಕಿ ನಾವು ಬಹುದೂರ ಹೋಗಬೇಕಾದುದಿಲ್ಲ. ಬೆಂಗಳೂರಿನಲ್ಲಿ ಈಗ ಅವೆನ್ಯೂ ರೋಡ್ ಎನ್ನಿಸಿಕೊಂಡಿರುವ ಬೀದಿಗೆ ಹಿಂದೆ ದೊಡ್ಡಪೇಟೆ ಎಂದು ಹೆಸರು. ಹೈ ಸ್ಟ್ರೀಟಿಗೆ ಅದಕ್ಕಿಂತ ಸರಿಯಾದ ಕನ್ನಡವಿಲ್ಲ. ಇಂಗ್ಲಿಷರೇ ಬಂದು ಅದನ್ನು ಅಳಿಸಿ ಸಾಲುಮರಗಳ ಹೆಸರಿಟ್ಟರು. ಅಲ್ಲಿ ಈಗ ಮರವೂ ಇಲ್ಲ.

ಹಂಪೆಯಲ್ಲಿ ಈ ಎರಡು ಜಾತಿಗಳನ್ನೂ ಕಣ್ಣಾರೆ ನೋಡಬಹುದು. ವಿರೂಪಾಕ್ಷನ ಗುಡಿಯ ಮುಂದೆ ಸುಮಾರು ಮುಕ್ಕಾಲು ಕಿಲೋಮೀಟರು ಹರಿದಿರುವುದು ತೇರುಬೀದಿ. ಎರಡನೆಯ ದೇವರಾಯನು 1426 ರಲ್ಲಿ ಪಾರ್ಶ್ವನಾಥನ ಚೈತ್ಯಾಲಯವನ್ನು ಕಟ್ಟಿಸಿದುದು ಅಡಕೆ ಎಲೆ ಮಾರುವ ಅಂಗಡಿಯ ಬೀದಿಯಲ್ಲಿ ಎಂದು ಅಲ್ಲಿಯ ಶಾಸನ ಹೇಳುವುದು. ಬೀದಿ ಎಂದರೆ ಅಲ್ಲಿ ಇರುವವರದು. ಬಟ್ಟೆ ಎಂದರೆ ಅಲ್ಲಿ ಹಾಯುವವರದು. ಒಂದಕ್ಕೆ ಪ್ರಾಣ ನಿವಾಸ, ಇನ್ನೊಂದಕ್ಕೆ ಪ್ರಾಣ ಸಂಚಾರ. ಪಯಸನು ಕಂಡ ಹೊಸಪೇಟೆಯ ದಾರಿಯಲ್ಲಿ ಎರಡೂ ಕೂಡಿದ್ದುವು. 2011 ರ ಜುಲೈ ತಿಂಗಳಲ್ಲಿ ವಿರೂಪಾಕ್ಷನ ಬೀದಿಯ ಮಂಟಪಗಳಲ್ಲಿ ಮನೆ ಅಂಗಡಿಗಳನ್ನು ಮಾಡಿಕೊಂಡಿದ್ದವರನ್ನು ಎಬ್ಬಿಸಿ, ಸ್ಮಾರಕವನ್ನು ತೆರವುಮಾಡಿದರು. ಎಬ್ಬಿಸಲ್ಪಟ್ಟವರಿಗೆ ಕಡ್ಡಿರಾಂಪುರದ ಕಡೆ ನೆಲೆ ತೋರಿಸಿದರು. ಕಲ್ಲುಗಂಬಗಳಿಗೆ ಇದರಿಂದ ಒಳ್ಳೆಯದಾಗಿರಬಹುದು. ಸಂಜೆ ದೀಪ ಹಚ್ಚುವ ಹೊತ್ತಿಗೆ ಆ ಬೀದಿಯಲ್ಲಿ ನಿಂತಾಗ, ಬೀದಿ ಎಂಬ ಮಾತನ್ನು ಅದಕ್ಕೆ ಬಳಸಲು ನಾಲಗೆ ಹಿಂಜರಿಯಿತು.

ಸಂಚಾರದ ದಾರಿಯ ಕಥೆಯೂ ಸುಖದ್ದಲ್ಲ. 1565 ರ ಯುದ್ಧದ ಅನಂತರ ರಾಜಧಾನಿ ಪೆನುಗೊಂಡೆಗೆ ಹೋಯಿತು. ದಾರಿಗಳು ಉಳಿದುವು, ಹೋಗಬೇಕಾದ ಊರು ಉಳಿಯಲಿಲ್ಲ. ಹಲವು ದಾರಿಗಳ ಮೇಲೆ ಈಗ ಬಾಳೆಯೂ ಕಬ್ಬೂ ಬೆಳೆಯುತ್ತಿವೆ. ಇಂಜಿನಿಯರುಗಳು 1943 ರಲ್ಲಿ ನಾಗಪುರದಲ್ಲಿ ಕೂಡಿ ದೇಶದ ರಸ್ತೆಗಳನ್ನು ವರ್ಗಗಳಾಗಿ ವಿಂಗಡಿಸಿದುದು ಕೇಳುವವರಲ್ಲಿ ಕೆಲವರಿಗೆ ತಿಳಿದಿರಬಹುದು: ರಾಷ್ಟ್ರದ ಹೆದ್ದಾರಿ ಮೊದಲಾಗಿ ಹಳ್ಳಿಯ ರಸ್ತೆ ಕಡೆಯಾಗಿ. ಈ ವರ್ಗಗಳಲ್ಲಿ ಮೇಲಿನವು ಎರಡು ಹೊಸಪೇಟೆಯಲ್ಲಿ ಒಂದನ್ನೊಂದು ಕೂಡುವುವು. ಚಿತ್ರದುರ್ಗದಿಂದ ಬಿಜಾಪುರದ ಕಡೆಗೆ ಹೋಗುವುದು 50 ನೆಯ ಸಂಖ್ಯೆಯದು. ಹುಬ್ಬಳ್ಳಿಯಿಂದ ಬಳ್ಳಾರಿಗೆ ಹೋಗುವುದು 67 ನೆಯದು. ದಾರಿಗಳೆಲ್ಲ ಹೊಸಪೇಟೆಯಲ್ಲಿ ಕೂಡುವುವೆಂಬ ನ್ಯೂನಿಜನ ಮಾತು ಇಂದಿಗೂ ಸುಳ್ಳಾಗಿಲ್ಲ. ಕಮಲಾಪುರದ ದಾರಿ ಮಾತ್ರ ಆ ಪಂಕ್ತಿಯಿಂದ ಎದ್ದುಹೋಯಿತು. ರಾಯನ ಹೆಬ್ಬಟ್ಟೆ ಈಗ ಪ್ರವಾಸಿಗಳ ಕವಲುದಾರಿ.

ಅದನ್ನು ಮತ್ತೆ ಹೆದ್ದಾರಿಯಾಗಿ ಮಾಡುವ ಪ್ರಯತ್ನವೊಂದು ನಡೆದು, ದುಃಖದಲ್ಲಿ ಮುಗಿಯಿತು. ತಳವಾರಘಟ್ಟದಿಂದ ಆನೆಗೊಂದಿಗೆ ಹೊಳೆಯನ್ನು ಪಯಸನ ಕಾಲದಲ್ಲಿ ಹರಿಗೋಲುಗಳಲ್ಲಿ ದಾಟುತ್ತಿದ್ದರು. ಬುಟ್ಟಿಯಂತೆ ದುಂಡಾದ, ಚರ್ಮ ಹೊದಿಸಿದ ಆ ದೋಣಿಗಳಲ್ಲಿ ಹದಿನೈದಿಪ್ಪತ್ತು ಮಂದಿ ಕುಳಿತುಕೊಳ್ಳುವರೆಂದು ಅವನು ಬೆರಗಾಗಿ ಬರೆದನು. ಮೊನ್ನೆ ಮೊನ್ನೆಯವರೆಗೂ ಜನ ಹಾಗೆಯೇ ದಾಟುತ್ತಿದ್ದರು. ಅಲ್ಲಿ ವಾಹನಗಳಿಗಾಗಿ ದೊಡ್ಡ ಸೇತುವೆಯೊಂದನ್ನು 1990 ರ ದಶಕದಲ್ಲಿ ಕಟ್ಟತೊಡಗಿದರು. ಹಂಪೆ 1986 ರಲ್ಲಿಯೇ ವಿಶ್ವಪರಂಪರೆಯ ಪಟ್ಟಿಗೆ ಸೇರಿದ್ದಿತು. ಭಾರದ ಲಾರಿಗಳು ಹಳೆಯ ಬಾಗಿಲುಗಳ ನಡುವೆ ಓಡಾಡುವುವೆಂದು ಯುನೆಸ್ಕೋದವರು ಆಕ್ಷೇಪಿಸಿದರು. 1999 ರಲ್ಲಿ ಹಂಪೆಯನ್ನು ಅಪಾಯದಲ್ಲಿರುವ ಸ್ಥಳಗಳ ಪಟ್ಟಿಗೆ ಹಾಕಿದರು. ಕೆಲಸ ನಿಂತು, ಬಹು ವರ್ಷಗಳ ಮೇಲೆ ಮತ್ತೆ ನಡೆಯಿತು. 2009 ರ ಜನವರಿ 22 ರಂದು, ಇನ್ನೂ ಮುಗಿಯದಿದ್ದ ಸೇತುವೆ ಕುಸಿದು ಹೊಳೆಗೆ ಬಿದ್ದಿತು. ಅದರ ಮೇಲೆ ದುಡಿಯುತ್ತಿದ್ದವರಲ್ಲಿ ಕೆಲವರು ಪ್ರಾಣ ಕಳೆದುಕೊಂಡರು. ಆಮೇಲೆ ಸೇತುವೆಯಾದುದು ಅದಕ್ಕಿಂತ ಕೆಳಗೆ, ಬುಕ್ಕಸಾಗರಕ್ಕೂ ಕಡೆಬಾಗಿಲಿಗೂ ನಡುವೆ. ಕಡೆಬಾಗಿಲು ಎಂಬುದು ಆಚೆಯ ದಡದ ಊರಿನ ಹೆಸರು. ಯಾವ ನಗರದ ಕಡೆಯ ಬಾಗಿಲೆಂದು ಬೇರೆ ಹೇಳಬೇಕಾಗಿಲ್ಲ. ಆ ಜಗಳದಲ್ಲಿ ಎರಡು ಪಕ್ಷಗಳಿಗೂ ನ್ಯಾಯವಿದ್ದಿತು. ಬಾಗಿಲನ್ನು ಉಳಿಸಬೇಕೆಂದವರು ಕಲ್ಲಿನ ಮಾತನ್ನಾಡಿದರು. ಸೇತುವೆ ಬೇಕೆಂದ ಆನೆಗೊಂದಿಯವರು, ಬಾಗಿಲಿದ್ದುದು ಹಾಯುವುದಕ್ಕಲ್ಲವೆ ಎಂದರು. ನಮ್ಮ ಮನಸ್ಸು ಎರಡನೆಯವರ ಕಡೆಗೆ ಒಲಿದರೂ, ತಳವಾರಘಟ್ಟದ ಬಾಗಿಲಿನಡಿ ನಿಂತು ಮೇಲೆ ನೋಡಿದಾಗ, ಲಾರಿಯೊಂದು ಅದಕ್ಕೆ ಉಜ್ಜಿಕೊಂಡು ಹೋಗುವುದನ್ನು ನೆನೆಯಲಾರದಾದೆವು.

ಮಾತಿನ ಅರ್ಥಕ್ಕೆ ಹಿಂದಿರುಗೋಣ. ಬೆಂಗಳೂರು ಮೈಸೂರುಗಳ ನಡುವೆ ಹೊಸದಾಗಿ ಹಾಕಿದ ಹೆದ್ದಾರಿ 2023 ರ ಮಾರ್ಚಿ ತಿಂಗಳಲ್ಲಿ ತೆರೆಯಿತು. ಅಪಘಾತಗಳು ಹೆಚ್ಚಿದುದರಿಂದ ಅದೇ ವರ್ಷ ಆಗಸ್ಟ್ 1 ರಿಂದ ಅದರ ಮುಖ್ಯ ಪಥದಲ್ಲಿ ಮೋಟಾರು ಸೈಕಲ್ಲು, ಆಟೋ, ಟ್ರ್ಯಾಕ್ಟರುಗಳನ್ನೂ, ಎತ್ತಿನ ಗಾಡಿಯೇ ಮೊದಲಾಗಿ ಯಂತ್ರವಿಲ್ಲದ ಎಲ್ಲ ವಾಹನಗಳನ್ನೂ ನಿಷೇಧಿಸಿದರು. ಅವರಿಗೆ ಪಕ್ಕದಲ್ಲಿ ಬೇರೆ ರಸ್ತೆಯಿದೆ. ನಿಷೇಧದಿಂದ ಜೀವಗಳು ಉಳಿದರೆ ಅದನ್ನು ತಪ್ಪೆನ್ನುವವರು ನಾವಲ್ಲ. ಆದರೆ ಅದನ್ನು ಹೆದ್ದಾರಿ ಎಂದು ಕರೆಯಬಹುದೆ? ರಾಯನ ಬಾಗಿಲಿನಲ್ಲಿ ಮೂರು ವಿಂತೆಂ ಕೊಟ್ಟರೆ ಎತ್ತು ಒಳಗೆ ಹೋಗುತ್ತಿದ್ದಿತು. ಇಲ್ಲಿ ಎಷ್ಟು ಕೊಟ್ಟರೂ ಎತ್ತಿಗೆ ಪ್ರವೇಶವಿಲ್ಲ, ಕೊಂಬಿರಲಿ ಇಲ್ಲದಿರಲಿ. ಎರಡು ಬದಿಗೂ ಬೇಲಿ. ಇಂಗ್ಲಿಷರು ಈ ಜಾತಿಯ ದಾರಿಗೆ ಹೈವೇ ಎಂಬ ಹಳೆಯ ಮಾತನ್ನು ಬಿಟ್ಟು ‘ಮೋಟಾರ್‌ವೇ’ ಎಂದು ಬೇರೆ ಹೆಸರಿಟ್ಟುಕೊಂಡರು. ಅಷ್ಟು ಎಚ್ಚರ ಅವರಿಗಿದ್ದಿತು. ನಾವೂ ಒಂದು ಹೊಸ ಹೆಸರನ್ನು ಕಟ್ಟಿಕೊಂಡರೆ ಹೆದ್ದಾರಿಯೆಂಬ ಹಳೆಯ ಮಾತು ಕೆಡದೆ ಉಳಿಯುವುದು.

ರಜೆ ಮುಗಿಸಿ ಹಿಂದಿರುಗುವಾಗ ನಾವು ಆ ದಾರಿಯಲ್ಲಿಯೇ ಬಂದೆವು. ಅದರ ಕೆಲವು ಭಾಗಗಳನ್ನು ಊರುಗಳ ಪಕ್ಕದಲ್ಲಿ ಕಂಬಗಳ ಮೇಲೆ ಎತ್ತಿ ಕಟ್ಟಿದ್ದಾರೆ. ಕೆಳಗಣ ರಸ್ತೆಯಲ್ಲಿ ಹುಲ್ಲಿನ ಹೊರೆ ಹೇರಿದ ಒಂದು ಜೊತೆ ಎತ್ತಿನ ಗಾಡಿ ಹೋಗುತ್ತಿದ್ದಿತು. ಬಸ್ಸು ಅದರ ತಲೆಯ ಮೇಲೆ ಮೂವತ್ತಡಿ ಎತ್ತರದಲ್ಲಿ ಹಾದುಹೋಯಿತು. ಕಾಲೇಜು ತೆರೆದ ಮೇಲೆ ಆ ವಿದ್ಯಾರ್ಥಿಯನ್ನು ಕರೆಸಿ, ಹಳೆಯ ಉತ್ತರಪತ್ರಿಕೆಯಲ್ಲಿ ಕಳೆದಿದ್ದ ಅಂಕದಲ್ಲಿ ಅರ್ಧವನ್ನು ಅವನಿಗೆ ಹಿಂದಕ್ಕೆ ಕೊಟ್ಟೆವು.